ಗಂಡು ಹೊಳೆ, ಹೆಣ್ಣು ಹೊಳೆ

ಸಾವಂತ್ರೆವ್ವ ಭೂತಾನಕ್ಕೆ ಹೋಗಿ ಬಂದಳೆಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚು.

ಆಕೆ ನಮ್ಮ ದೇವಿಕೊಪ್ಪದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ನಾನು, ಪಂಢರಿನಾಥ ಮಾಸ್ತರ, ಅಲ್ಲೇ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತನಾದವನು. ಆಕೆಯೂ ನನ್ನ ಶಿಷ್ಯೆಯೇ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಭೂತಾನದ ನಕಾಶೆಯನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ನಾನು ಕಂಡ ದೂರದ ಊರೆಂದರೆ ಪಂಢರಪುರ, ಅಷ್ಟೆ. ಪ್ರತಿ ಬೇಸಿಗೆಗೂ 'ಬರುವ ವರ್ಷ' ಎನ್ನುತ್ತಿದ್ದೆ. ಆಮೇಲೆ ಮೊಣಕಾಲು ಹೋದವು.

ಆಕೆಯನ್ನು ಕರೆದೊಯ್ದದ್ದು ರೊಟ್ಟಿ. ನಮ್ಮ ಕಡೆಯ ಹಿರಿಯರು ಸ್ವರ್ಗಕ್ಕೆ ಹೋದರೂ ಜೋಳದ ರೊಟ್ಟಿ ಕೇಳುವವರು. ಅದಕ್ಕೇ ಹುಬ್ಬಳ್ಳಿಯ ಪ್ರವಾಸದವರು ಹಿಟ್ಟಿನ ಚೀಲ, ಹಂಚು, ಜೊತೆಗೆ ರೊಟ್ಟಿ ಬಡಿಯಲು ಒಬ್ಬ ಹೆಂಗಸನ್ನೂ ಒಯ್ಯುತ್ತಾರೆ. ಈ ಬೇಸಿಗೆ ರಜೆಯಲ್ಲಿ ಆ ಹೆಂಗಸು ಸಾವಂತ್ರೆವ್ವ. ಪಾತ್ರೆಗಳ ನಡುವೆ ಕುಳಿತು ಒಂದು ದೇಶವನ್ನೇ ನೋಡಿ ಬಂದಳು.

ಶಾಲೆ ಶುರುವಾದ ಮೇಲೆ, ಶನಿವಾರ ಮಕ್ಕಳಿಗೆ ಭೂತಾನದ ಬಗ್ಗೆ ಹೇಳಲು ಹೆಡ್‌ಮಾಸ್ತರರು ಆಕೆಯನ್ನು ಕರೆದರು. ನನ್ನನ್ನೂ ಕರೆದರು, ಕೇಳಲು!

ಶುಕ್ರವಾರ ಸಂಜೆ ಆಕೆ ಮನೆಗೆ ಬಂದಳು. "ಮಾಸ್ತರ್ರ, ನಾ ಹೇಳೂದು ಒಂದ್ ಸಲ ಕೇಳ್ರಿ. ತಪ್ಪಿದ್ರ ಹುಡುಗೂರು ನಗತಾವು."

"ಹೇಳು," ಎಂದೆ.

"ಸಮುದ್ರ ಇಲ್ಲದ ದೇಶ ಅಂದ್ರ ಬಂಡಿದಾರಿ ಇಲ್ಲದ ಹೊಲ ಇದ್ದಂಗ, ಬಾಜೂದವರ ಹೊಲದಾಗ ಹಾದು ಹೋಗಬೇಕು ಅಂತ ನೀವ ಕಲಿಸಿದ್ರಿ. ಅಗದಿ ಖರೇರಿ. ಅಲ್ಲಿಗೆ ಉಪ್ಪು ಸೈತ ನಮ್ಮ ಕಡಿಂದನ ಹೋಗಬೇಕಂತ. ಮತ್ತ ಅಲ್ಲಿ ನೀರು ಲಗೂನ ಕುದೀತಾವು, ಬ್ಯಾಳಿ ಮಾತ್ರ ಬೇಯಂಗಿಲ್ರಿ."

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆಂದು ನಾನೂ ಮೂವತ್ತೊಂದು ವರ್ಷ ಹೇಳಿದ್ದೆ, ಪುಸ್ತಕ ನೋಡಿ.

"ಎಲ್ಲಾಕಿಂತ ಛಲೋ ಅಂದ್ರ, ಒಂದ್ ಕಡೆ ಗಂಡು ಹೊಳಿ, ಹೆಣ್ಣು ಹೊಳಿ ಅಂತ ಎರಡು ಬಂದು ಕೂಡತಾವ್ರಿ. ಅಲ್ಲೇ ಒಂದು ದೊಡ್ಡ ಕ್ವಾಟಿ. ನಾ ಬೋಗುಣಿ ತೊಳಿಯೂದು ಬಿಟ್ಟು ಅಳಕೋತ ನಿಂತಿದ್ದೆ."

ಅದು ಪುನಾಖಾದ ಕೋಟೆ. ಆ ಹೊಳೆಗಳ ಹೆಸರೇ ಫೋ, ಮೋ. ಫೋ ಎಂದರೆ ಗಂಡು, ಮೋ ಎಂದರೆ ಹೆಣ್ಣು; ನನ್ನ ಟಿಪ್ಪಣಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಆದರೆ ಆಕೆಯ ಕಣ್ಣಲ್ಲಿ ಈಗಲೂ ನೀರಿತ್ತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಹೊಳಿಯಾಗ ಗಂಡು-ಹೆಣ್ಣು ಇರತಾವೇನು? ಯಾರೋ ನಿನ್ನ ಮಂಗ್ಯಾ ಮಾಡ್ಯಾರ. ಅಂಥಾದ್ದು ನಕಾಶೆದಾಗ ಇಲ್ಲ," ಎಂದೆ.

ಆಕೆ ವಾದಿಸಲಿಲ್ಲ. "ನಿಮಗ ಗೊತ್ತಿರತೈತ್ರಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಅಂದು ನನಗೆ ಒಳ್ಳೆಯ ನಿದ್ದೆ ಬಂತು. ಹೇಳಲು ನಾಚಿಕೆಯಾಗುತ್ತದೆ.

ಶನಿವಾರ ಆಕೆ ಉಪ್ಪಿನ ಮಾತು, ಬೇಳೆಯ ಮಾತು ಹೇಳಿದಳು. ಮಕ್ಕಳು ಬಾಯಿ ತೆರೆದು ಕೇಳಿದರು. ನನ್ನ ತರಗತಿಯಲ್ಲಿ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ಹೊಳೆಯ ಸುದ್ದಿ ಬರಲೇ ಇಲ್ಲ. ಕೊನೆಗೆ ಏಳನೆಯ ಇಯತ್ತೆಯಲ್ಲಿದ್ದ ಆಕೆಯ ಮಗಳು ಶಿವಗಂಗಾ ಎದ್ದು, "ಯವ್ವಾ, ಆ ಎರಡು ಹೊಳಿದು ಹೇಳಲಿಲ್ಲಲ್ಲ ಬೇ?" ಎಂದಳು.

ಸಾವಂತ್ರೆವ್ವ ನನ್ನತ್ತ ನೋಡಿದಳು. "ಅದು ಖರೇ ಅಲ್ಲ. ನನಗ ಹಂಗ ಕಂಡಿರಬೇಕು. ಮಾಸ್ತರ್ರನ್ನ ಕೇಳೀನಿ."

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಸುಮ್ಮನಿದ್ದರೂ ನಡೆಯುತ್ತಿತ್ತು. ಆದರೆ ಎದ್ದೆ. ಕುಂಟುತ್ತ ಹೋಗಿ ಕರಿಹಲಗೆಯ ಮೇಲೆ ಎರಡು ಹೊಳೆ ಬರೆದು ಕೂಡಿಸಿದೆ, ಆಚೆ ದಂಡೆಗೆ ಕೋಟೆ ಬರೆದೆ.

"ಐತಿ. ಆಕಿ ಕಂಡದ್ದು ಖರೇ ಐತಿ. ನಾ ಕಂಡಿಲ್ಲ, ಅದಕ್ಕ ಇಲ್ಲ ಅಂದೆ."

ಸಾವಂತ್ರೆವ್ವ ಹತ್ತಿರ ಬಂದು ಹಲಗೆಯನ್ನೇ ನೋಡುತ್ತ ನಿಂತಳು. ಆಮೇಲೆ, "ಹಂಗಲ್ರಿ ಮಾಸ್ತರ್ರ," ಎಂದು ಮೆಲ್ಲಗೆ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ನನ್ನ ಕೋಟೆಯನ್ನು ಅಳಿಸಿ ಎರಡೂ ಹೊಳೆಗಳ ನಡುವೆ ಬರೆದಳು.

ನನಗೆ ಮತ್ತೆ ಹೊಟ್ಟೆ ಉರಿಯಿತು.