ನಾನು ಹಿಡಿಯದ ಶಾಫ್ಟು

ಹೋದ ತಿಂಗಳು ಒಂದು ಭಾನುವಾರ ಊಟಕ್ಕೆಂದು ಮೂಡಲಗಿಗೆ ಹೋದವನು, ಹನ್ನೊಂದು ಗಂಟೆಯ ಹೊತ್ತಿಗೆ ಆರಡಿ ಉದ್ದದ ಕಬ್ಬಿಣದ ಶಾಫ್ಟಿನ ಒಂದು ತುದಿಯನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದುಕೊಂಡು ನಿಂತಿದ್ದೆ. ಇನ್ನೊಂದು ತುದಿ ಕಬ್ಬಿಣದ ಮೇಜಿನ ಮೇಲಿತ್ತು. ಅದರ ನಡುಭಾಗವನ್ನು ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ನನ್ನ ಮೈಮೇಲಿದ್ದದ್ದು ಇಸ್ತ್ರಿ ಮುರಿಯದ ಬಿಳಿ ಅಂಗಿ.

ಗೋಕಾಕದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನಾನೂ ಆಗ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಉತ್ತರದ ಹೆಸರು ಈರಪ್ಪಣ್ಣ. ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಮೂಡಲಗಿಯಲ್ಲಿ ಅವರದೊಂದು ವರ್ಕ್‌ಶಾಪ್ ಇದೆ. ಒಂದು ಲೇಥು, ಒಂದು ಕುಲುಮೆ, ಒಂದು ವೆಲ್ಡಿಂಗ್ ಮಷೀನು. ಸುತ್ತಲಿನ ಹಳ್ಳಿಗಳಲ್ಲಿ ಮುರಿದದ್ದು, ಬಾಗಿದ್ದು, ಸವೆದದ್ದು ಎಲ್ಲ ಅಲ್ಲಿಗೇ ಬರುತ್ತದೆ. ಈರಪ್ಪಣ್ಣ ಎಂಥದನ್ನೂ ನೆಟ್ಟಗೆ ಮಾಡಿ ಕಳಿಸುತ್ತಾರೆ. ಅವರಿಗೆ ಇರುವುದು ಒಂದೇ ಹಟ. ಕಾಯಿಸುವಾಗಲೋ ಕೊರೆಯುವಾಗಲೋ ಕಬ್ಬಿಣಕ್ಕೆ ಆಸರೆ ಬೇಕಾದರೆ ಸ್ಟ್ಯಾಂಡು ಇಡುವುದಿಲ್ಲ, ಮನುಷ್ಯನನ್ನು ನಿಲ್ಲಿಸುತ್ತಾರೆ.

‘ಮನುಷ್ಯಾರು ಇರೂ ಮುಂದ ಸ್ಟ್ಯಾಂಡ್ ಯಾಕ ಬೇಕ್ರಿ?’

ಯಾವ ಮನುಷ್ಯ? ಬಾಗಿಲಲ್ಲಿ ಕಂಡ ಮನುಷ್ಯ. ಪೋಸ್ಟಿನವರು ಒಮ್ಮೆ ಒಂದು ಗೇಟು ಹಿಡಿದಿದ್ದಾರೆ. (ಅವತ್ತಿನಿಂದ ಅವರು ಪತ್ರಗಳನ್ನು ರಸ್ತೆಯಿಂದಲೇ ಒಳಗೆ ಎಸೆಯುತ್ತಿದ್ದರು.) ಮಗಳನ್ನು ನೋಡಲು ಬಂದ ವರನ ತಂದೆ, ಅವಲಕ್ಕಿ ಬರುವ ತನಕ, ಅರ್ಧ ಗಂಟೆ ಟ್ರ್ಯಾಲಿಯ ಆಕ್ಸಲ್ ಹಿಡಿದಿದ್ದರಂತೆ. ಆ ಸಂಬಂಧ ಮುಂದುವರಿಯಲಿಲ್ಲ.

‘ಅಣ್ಣಾರ, ಕೆಳಗ ನಾಕ ಇಟ್ಟಿಗಿ ಇಟ್ರ ಆಗೂದಿಲ್ಲೇನ್ರಿ?’ ಅಂತ ಆ ಭಾನುವಾರ ಕೇಳಿಯೇ ಬಿಟ್ಟೆ.

‘ಇಟ್ಟಿಗಿ ಒಮ್ಮೆಲೆ ಮೂರ ಇಂಚ ಏರತೈತಿ ಮಾಸ್ತರ. ನನಗ ಒಂದ ನೂಲ ಬೇಕು, ಅರ್ಧ ನೂಲ ಬೇಕು. ಇಟ್ಟಿಗಿಗೆ ಹೇಳಿದ್ರ ತಿಳೀತೈತೇನು? ನಿಮಗ ತಿಳೀತೈತಿ.’

ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು. ಇಟ್ಟಿಗೆಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂದು ಅವರು ಒಪ್ಪಿದ್ದಕ್ಕೆ ಒಂದು ಕ್ಷಣ ಹೆಮ್ಮೆಯೂ ಆಯಿತು.

ಶಾಫ್ಟು ಮೇಲವಂಕಿಯ ಗಂಗವ್ವನವರ ಗಾಣದ್ದು. ಅವರು ಕಬ್ಬು ಅರೆದು ಬೆಲ್ಲ ಮಾಡಿಸುತ್ತಾರೆ. ಕಬ್ಬಿನ ಸಿವುಡಿನೊಳಗೆ ಯಾರೋ ಮರೆತ ಕುಡಗೋಲು ಗಾಣಕ್ಕೆ ಸಿಕ್ಕು ಶಾಫ್ಟು ಬಾಗಿತ್ತು. ಗಂಗವ್ವನವರು ಮುಂಜಾನೆಯಿಂದ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕುಳಿತಿದ್ದರು. ಏಳುವ ಲಕ್ಷಣ ಇರಲಿಲ್ಲ.

‘ಎರಡ ದಿನದ ಕಬ್ಬು ಕಡದ ಬಿದ್ದೈತ್ರಿ. ನಾಳೆ ಗಾಣ ತಿರಗಲಿಲ್ಲಂದ್ರ ಕಬ್ಬಿನ ಹಾಲು ಹುಳಿ ಬರತೈತಿ, ಬೆಲ್ಲ ಗಟ್ಟಿ ಆಗೂದಿಲ್ಲ. ಆಳುಗೋಳು ಸುಮ್ನ ಕುಂತಾವ,’ ಎಂದು ಅವರು ನನಗೆ ಮೂರನೇ ಸಲ ಹೇಳಿದರು. ನಾನು ತಲೆಯಾಡಿಸಲು ಹೋದೆ.

‘ಮಾಸ್ತರ, ಅಲಗ್ಯಾಡಬ್ಯಾಡ್ರಿ,’ ಎಂದರು ಈರಪ್ಪಣ್ಣ.

ಕಬ್ಬಿಣ ಕೆಂಪಗಾದಾಗ ಮೆತ್ತಗಾಗುತ್ತದೆ. ಮೆತ್ತಗಾದಾಗ ತನ್ನ ಭಾರಕ್ಕೆ ತಾನೇ ಜೋಲು ಬೀಳುತ್ತದೆ. ಹಾಗಾಗಿ ತುದಿ ಹಿಡಿದವನು ಹೇಳಿದಷ್ಟೇ ಏರಿಸಬೇಕು, ಹೇಳಿದಷ್ಟೇ ಇಳಿಸಬೇಕು. ‘ಒಂದ ನೂಲ ಮ್ಯಾಲ’ ಅಂದರೆ ಹಿಮ್ಮಡಿ ಎತ್ತುತ್ತಿದ್ದೆ. ‘ಅರ್ಧ ನೂಲ ಕೆಳಗ’ ಅಂದರೆ ಮೊಣಕಾಲು ಬಗ್ಗಿಸುತ್ತಿದ್ದೆ. ಅರ್ಧ ನೂಲಿಗೆ ಮೊಣಕಾಲು ಎಷ್ಟು ಬಗ್ಗಬೇಕು? ಯಾವ ವ್ಯಾಕರಣದಲ್ಲೂ ಇದಕ್ಕೆ ಸೂತ್ರವಿಲ್ಲ. ನನ್ನ ಕೈಯಲ್ಲಿ ಒದ್ದೆ ಗೋಣಿಚೀಲವಿತ್ತು. ನಡುವಿನ ಬಿಸಿ ಮಾತ್ರ ಅವಸರವಿಲ್ಲದೆ ನನ್ನ ಕಡೆಗೇ ನಡೆದು ಬರುತ್ತಿತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ. (ಮದುವೆಯೊಂದಕ್ಕೆ ಹೋದವಳು, ನಾನು ಮನೆಯ ಗ್ಯಾಸು ಬಂದ್ ಮಾಡಿದ್ದೀನೋ ಇಲ್ಲವೋ ಎಂದು ಕೇಳಲು. ಯಾವ ಗ್ಯಾಸು ಅಂತ ನಾನು ಹೇಳಬೇಕು?) ನಾನು ಬೆಚ್ಚಿದೆ. ತುದಿ ಒಂದು ಗೇಣು ಕೆಳಗೆ ಬಂತು.

ಅಲ್ಲಿಯವರೆಗೆ ಬಿಲ್ಲಿನ ಹಾಗಿದ್ದ ಶಾಫ್ಟು ಈಗ ಹಾವಿನ ಹಾಗಾಯಿತು.

ಈರಪ್ಪಣ್ಣ ಬೈಯಲಿಲ್ಲ. ಗ್ಯಾಸು ಆರಿಸಿ, ‘ನಡೀರಿ, ಊಟ ಮಾಡೂಣು,’ ಎಂದರು. ಬೈದಿದ್ದರೇ ಚೆನ್ನಾಗಿತ್ತು. ಗಂಗವ್ವನವರು ಮಾತ್ರ, ಗಾಣಕ್ಕೆ ಸಿಕ್ಕ ಕುಡಗೋಲನ್ನು ಹೇಗೆ ನೋಡಿದ್ದರೋ ಹಾಗೆ ನನ್ನನ್ನು ನೋಡಿದರು.

ಊಟವಾದ ಮೇಲೆ ಈರಪ್ಪಣ್ಣ ಎರಡು ತಾಸು ಮಲಗುತ್ತಾರೆ. ಭಾನುವಾರ ಅದನ್ನು ಯಾರೂ ತಪ್ಪಿಸುವ ಹಾಗಿಲ್ಲ. ಅವರ ಗೊರಕೆ ಶುರುವಾದದ್ದೇ ತಡ, ಮಗಳು ಸವಿತಾ ನನಗೆ ಕಣ್ಸನ್ನೆ ಮಾಡಿದಳು.

ಸವಿತಾ ಐಟಿಐ ಮಾಡಿದವಳು. ಟರ್ನರ್ ಟ್ರೇಡು, ಅಂದರೆ ಲೇಥಿನ ಕೆಲಸ, ಕ್ಲಾಸಿಗೆ ಮೊದಲು. ಆದರೆ ಅಪ್ಪನ ವರ್ಕ್‌ಶಾಪಿನಲ್ಲಿ ಅವಳಿಗೆ ಸಿಗುವುದು ಬೋಲ್ಟಿಗೆ ತಿರುಪಿನ ಆಟೆ ಕೊರೆಯುವ ಕೆಲಸ ಮಾತ್ರ. ಅವಳು ಹಿತ್ತಿಲಲ್ಲಿ ಪ್ಲಾಸ್ಟಿಕ್ ಹಾಳೆ ಸರಿಸಿ ಎರಡು ಸ್ಟ್ಯಾಂಡು ತೋರಿಸಿದಳು. ಪೈಪಿನ ಮೂರು ಕಾಲು. ನಡುವೆ ಹೆಬ್ಬೆರಳಿಗಿಂತ ದಪ್ಪ ಸ್ಕ್ರೂ. ಅದನ್ನು ತಿರುಗಿಸಲು ಹಳೆಯ ವಾಲ್ವಿನ ಚಕ್ರ. ಮೇಲೆ ಹಳೆಯ ಬೇರಿಂಗಿನಿಂದ ಮಾಡಿದ ಎರಡು ಗಾಲಿ. ಶಾಫ್ಟು ಆ ಎರಡು ಗಾಲಿಗಳ ನಡುವಿನ ಸಂದಿನಲ್ಲಿ ಕೂರುತ್ತದೆ.

‘ಚಕ್ರ ಒಂದ ಸುತ್ತ ತಿರಿವಿದ್ರ ಒಂದ ನೂಲ ಏರತೈತಿ ಕಾಕಾ. ಅರ್ಧ ಸುತ್ತಿಗೆ ಅರ್ಧ ನೂಲ.’

‘ಅಪ್ಪಗ ತೋರಿಸಿಲ್ಲೇನು?’

‘ತೋರಿಸಿದ್ನಿ. ನೀರಿನ ಕೊಡ ಇಡಾಕ ಚಲೋ ಐತಿ ಅಂದ.’

ನಾವು ಮೂವರೂ ಸೇರಿದೆವು. ಗಂಗವ್ವನವರು ಬಾಗಿಲು ಕಾಯುತ್ತಾ ಗೊರಕೆಗೆ ಕಿವಿಗೊಟ್ಟು ನಿಂತರು. ಸವಿತಾ ಶಾಫ್ಟು ಕಾಯಿಸಿದಳು. ನನಗೆ ಚಕ್ರ ತಿರುಗಿಸುವ ಕೆಲಸ. ಉತ್ಸಾಹದಲ್ಲಿ ಎರಡು ಸುತ್ತು ಜಾಸ್ತಿಯೇ ತಿರುಗಿಸಿದೆ.

‘ಕಾಕಾ, ಎತ್ತಬ್ಯಾಡ್ರಿ. ಬರೇ ಮುಟ್ಟಸ್ರಿ. ಆಸರ ಅಂದ್ರ ಕೆಳಗಿಂದ ಮುಟ್ಟಿಕೊಂಡ ಇರಬೇಕು ಅಷ್ಟ. ನೂಕಿದ್ರ ಅದು ಇನ್ನೊಂದ ಕಡೆ ಡೊಂಕ ಆಗತೈತಿ.’

ಅವಳು ಕಬ್ಬಿಣದ ವಿಷಯ ಹೇಳುತ್ತಿದ್ದಳು. ನನಗೆ ನನ್ನ ತಮ್ಮ ನೆನಪಾದ. ಅವನು ಮನೆ ಕಟ್ಟಿಸುವಾಗ ನಾನು ‘ಆಸರೆ’ಗೆ ನಿಂತಿದ್ದೆ. ಬಾಗಿಲು ಎಲ್ಲಿ, ಕಿಟಕಿ ಎಷ್ಟು, ಸಂಡಾಸು ಯಾವ ದಿಕ್ಕಿಗೆ, ಎಲ್ಲ ನಾನೇ ಹೇಳಿದೆ. ಈಗ ಅವನು ನನ್ನ ಫೋನು ಎತ್ತುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಹೀಗೆ ಎರಡು ಸುತ್ತು ಜಾಸ್ತಿ ತಿರುಗಿಸಿ, ಆಮೇಲೆ ‘ಇಷ್ಟೆಲ್ಲ ಮಾಡಿದರೂ’ ಎಂದು ಕೊರಗುತ್ತಿಲ್ಲ ಹೇಳಿ?

ಶಾಫ್ಟು ನೆಟ್ಟಗಾಯಿತು. ಆರಿದ ಮೇಲೆ ಲೇಥಿಗೆ ಹಾಕಿ ತಿರುಗಿಸುತ್ತ, ಸವಿತಾ ಒಂದು ಸೀಮೆಸುಣ್ಣದ ತುಂಡನ್ನು ಹತ್ತಿರ ಹಿಡಿದಳು. ಡೊಂಕಿದ್ದರೆ ಉಬ್ಬಿದ ಒಂದು ಪಕ್ಕಕ್ಕೆ ಮಾತ್ರ ಗೀರು ಬೀಳುತ್ತದೆ. ಇಲ್ಲಿ ಸುತ್ತಲೂ ಬಿಳಿ ಉಂಗುರ ಬಿತ್ತು.

‘ಬಳಿ ತೊಟ್ಟಂಗ ಕಾಣತೈತಿ,’ ಎಂದರು ಗಂಗವ್ವನವರು. ಅಂದು ಅವರು ನಕ್ಕದ್ದು ಅದೇ ಮೊದಲು.

ಒಳಗೆ ಗೊರಕೆ ನಿಂತಿತು. ಸವಿತಾ ಎರಡೂ ಸ್ಟ್ಯಾಂಡುಗಳನ್ನು ಪ್ಲಾಸ್ಟಿಕ್ಕಿನ ಕೆಳಗೆ ಸೇರಿಸಿ ಬಂದು ಪೊರಕೆ ಹಿಡಿದಳು. ಈರಪ್ಪಣ್ಣ ಮುಖ ಒರೆಸಿಕೊಳ್ಳುತ್ತ ಬಂದರು. ಬಿಳಿ ಉಂಗುರ ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು.

‘ಯಾರ ಹಿಡದ್ರು?’

ನಿಜ ಹೇಳಿದರೆ ಎಲ್ಲಿ ಮತ್ತೆ ಕಾಯಿಸಿ ಮೊದಲಿನಿಂದ ಶುರುಮಾಡುತ್ತಾರೋ ಎಂದು ಗಂಗವ್ವನವರಿಗೆ ದಿಗಿಲು.

‘ಮಾಸ್ತರ ಹಿಡದಾರ್ರಿ,’ ಎಂದುಬಿಟ್ಟರು.

ಈರಪ್ಪಣ್ಣ ನನ್ನ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

‘ನಿಮ್ಮ ಕೈಯಾಗ ಇಷ್ಟ ಹದ ಐತಿ ಅಂತ ಗೊತ್ತಿರಲಿಲ್ಲ ಮಾಸ್ತರ.’

ಆಗ ನಾನು ಏನು ಹೇಳಬೇಕಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಹೇಳಿದ್ದು: ‘ಹಿಡದ ಹಿಡದ ರೂಢಿ ಆತ್ರಿ ಅಣ್ಣಾರ.’

ಸವಿತಾ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಸಂಜೆ ಅವಳೇ ಸ್ಕೂಟಿಯಲ್ಲಿ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟಳು. ಬಸ್ಸು ಹೊರಡುವ ಮುಂಚೆ ಹೇಳಿದಳು. ‘ಬೆಳಗಾವಿ ಫ್ಯಾಕ್ಟರಿಯಿಂದ ಪತ್ರ ಬಂದೈತಿ ಕಾಕಾ. ಒಂದನೇ ತಾರೀಖಿಗೆ ಹೊಂಟೇನಿ. ಅಲ್ಲಿ ಸ್ಟ್ಯಾಂಡಿನ ಜಾಗಾದಾಗ ಮನುಷ್ಯಾರನ್ನ ನಿಂದರಸೂದಿಲ್ಲಂತ.’

ಗೋಕಾಕ ಬರುವವರೆಗೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಮನೆಯಲ್ಲಿ ಶಾಫ್ಟು ನೆಟ್ಟಗಾದ ಕಥೆ ಹೇಳಿದೆ. ಯಾರು ಮಾಡಿದರು ಎಂಬಷ್ಟನ್ನು ಬಿಟ್ಟು.

ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಳ್ಳಬಹುದು ಎಂದುಕೊಂಡಿದ್ದೆ. ಬಿಡಲಿಲ್ಲ ಅದು. ಮುಂದಿನ ವಾರ ಈರಪ್ಪಣ್ಣನ ಫೋನು.

‘ಹುಕ್ಕೇರಿಯಿಂದ ಹಿಟ್ಟಿನ ಗಿರಣಿ ಶಾಫ್ಟ್ ಬಂದೈತಿ. ಒಂಬತ್ತ ಅಡಿ. ನೀವ ಬರಬೇಕು. ನಮ್ಮ ಷಡ್ಡಕ ಹಿಡದ್ರ ಒಂದ ಕೂದಲ ಅಲಗೂದಿಲ್ಲ ಅಂತ ಗಿರಣಿಯವ್ರಿಗೆ ಹೇಳೇನಿ.’

ಹೋದೆ. ಹೋಗದೆ ಏನು ಮಾಡಲಿ? ಗಿರಣಿಯವರು ಎದ್ದು ನಿಂತು ಎರಡೂ ಕೈ ಜೋಡಿಸಿದರು. ಚಹಾ ಕಪ್ಪು-ಸಾಸರಿನಲ್ಲಿ ಬಂತು. (ಯಾವಾಗಲೂ ನನಗೆ ಸ್ಟೀಲಿನ ಲೋಟ.) ಗೋಣಿಚೀಲವನ್ನು ಈರಪ್ಪಣ್ಣ ತಾವೇ ನೀರಲ್ಲಿ ಅದ್ದಿ ಕೊಟ್ಟರು. ಸವಿತಾ ಮೂಲೆಯಲ್ಲಿ ಬೋಲ್ಟು ಎಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

ತುದಿ ಹಿಡಿದೆ. ಬೆಂಕಿ ಇನ್ನೂ ಹೊತ್ತಿರಲಿಲ್ಲ. ಒಂಬತ್ತಡಿಯ ಆಚೆ ತುದಿ ಆಗಲೇ ತಾಳ ಹಾಕಿದಂತೆ ಕುಣಿಯುತ್ತಿತ್ತು. ಶಾಫ್ಟನ್ನು ಕೆಳಗಿಟ್ಟೆ.

‘ಅಣ್ಣಾರ, ಅವತ್ತ ನಾ ಹಿಡದಿಲ್ಲ.’

‘ಮತ್ತ ಯಾರ?’

‘ಸವಿತಾ. ಆಕಿ ಮಾಡಿದ ಸ್ಟ್ಯಾಂಡ್ ಹಿಡದೈತಿ. ಕಾಸಿದಾಕಿನೂ ಆಕಿ, ನೆಟ್ಟಗ ಮಾಡಿದಾಕಿನೂ ಆಕಿ. ನಾ ಬರೇ ಚಕ್ರ ತಿರಿವೇನಿ. ಅದನ್ನೂ ಮೊದಲ ತಪ್ಪ ತಿರಿವಿದ್ನಿ.’

ಗಿರಣಿಯವರು ನನ್ನ ಖಾಲಿ ಕಪ್ಪನ್ನು ನೋಡಿದರು, ಕುಡಿದ ಚಹಾ ತಿರುಗಿ ಕೇಳುವಂತಿಲ್ಲವಲ್ಲ ಎಂಬ ಹಾಗೆ.

ಈರಪ್ಪಣ್ಣ ಹಿತ್ತಿಲಿಗೆ ಹೋದರು. ಒಂದು ಸ್ಟ್ಯಾಂಡನ್ನು ತಾವೇ ಎತ್ತಿ ತಂದು ನಡುವೆ ಇಟ್ಟರು. ಚಕ್ರ ತಿರುಗಿಸಿ ಏರಿಸಿದರು, ಇಳಿಸಿದರು. ಆಮೇಲೆ ಅದರ ಮೇಲೆ ಹಗುರಾಗಿ ಕುಳಿತು ಎರಡೂ ಕಾಲು ಮೇಲೆತ್ತಿದರು. ಅರವತ್ತು ದಾಟಿದ ಮನುಷ್ಯ, ಗಾಳಿಯಲ್ಲಿ ಕಾಲು. ಯಾರಿಗೂ ನಗುವ ಧೈರ್ಯವಿಲ್ಲ. ಸ್ಟ್ಯಾಂಡು ಕಮಕ್ ಅನ್ನಲಿಲ್ಲ.

‘ಎಷ್ಟ ಭಾರ ತಡೀತೈತಿ ಇದು?’

‘ನಿನ್ನಂಥಾವ್ರ ಐದ ಮಂದಿ ಕುಂತ್ರೂ ಏನಾಗೂದಿಲ್ಲ,’ ಎಂದಳು ಸವಿತಾ, ಬೋಲ್ಟುಗಳಿಗೇ ಹೇಳುವ ಹಾಗೆ.

ಈರಪ್ಪಣ್ಣ ಕಾಲು ಇಳಿಸಿದರು. ಅಲ್ಲೇ ಕುಳಿತು ಶಾಫ್ಟನ್ನು ತುದಿಯಿಂದ ತುದಿಗೆ ನೋಡಿದರು.

‘ಒಂಬತ್ತ ಅಡಿಗೆ ಎರಡ ಸಾಲೂದಿಲ್ಲ. ಇನ್ನೊಂದ ಬೇಕು. ಬೆಳಗಾವಿಗೆ ಹೋಗೂ ಮೊದಲ ಮಾಡಿ ಕೊಡತಿಯೇನವ್ವಾ?’

ಪತ್ರದ ವಿಷಯ ಅವರಿಗೆ ಗೊತ್ತಿತ್ತು. ಕೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ. ಸವಿತಾ ಎದ್ದು ಬಂದಳು. ಒಂದು ಸಾರಿ ಶಾಫ್ಟು ನೋಡಿದಳು, ಒಂದು ಸಾರಿ ಅಪ್ಪನನ್ನು.

‘ಹೋಗೂದು ಆಮ್ಯಾಲ ನೋಡೂಣು. ನೀ ಮೊದಲ ಅದರ ಮ್ಯಾಲಿಂದ ಇಳಿ.’

ಒಂದನೇ ತಾರೀಖು ಬಂತು, ಹೋಯಿತು. ಸವಿತಾ ಮೂಡಲಗಿಯಲ್ಲೇ ಇದ್ದಾಳೆ. ಲೇಥು ಅವಳದು. ಬಂದವರನ್ನು ಯಾರನ್ನೂ ನಿಲ್ಲಿಸಬಾರದು ಎಂಬ ಅವಳ ಷರತ್ತಿಗೆ ಈರಪ್ಪಣ್ಣ ಗೊಣಗುತ್ತಲೇ ಒಪ್ಪಿದ್ದಾರೆ. ಪೋಸ್ಟಿನವರು ಈಗ ಒಳಗೆ ಬಂದು ಪತ್ರ ಕೊಟ್ಟು ಚಹಾ ಕುಡಿದು ಹೋಗುತ್ತಾರಂತೆ.

ಮೊನ್ನೆ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ವರ್ಕ್‌ಶಾಪಿನ ಬಾಗಿಲಲ್ಲಿ ಕಾಲಿಡುವಷ್ಟರಲ್ಲಿ ಈರಪ್ಪಣ್ಣನ ದನಿ ಕೇಳಿಸಿತು. ‘ಮಾಸ್ತರನ್ನ ಒಂದ ನೂಲ ಕೆಳಗ ಇಳಸವ್ವಾ.’ ನನ್ನ ಮೊಣಕಾಲು ತಾನಾಗಿಯೇ ಬಗ್ಗಿತು. ಆಮೇಲೆ ತಿಳಿಯಿತು, ಅವರು ಹೇಳಿದ್ದು ನನಗಲ್ಲ. ಮೂರೂ ಸ್ಟ್ಯಾಂಡುಗಳಿಗೆ ಅವರು ‘ಮಾಸ್ತರ’ ಎಂದೇ ಹೆಸರಿಟ್ಟುಕೊಂಡಿದ್ದಾರೆ. ಗಿರಾಕಿಗಳೂ ಹಾಗೇ ಕರೆಯುತ್ತಾರಂತೆ.

ನನ್ನ ಹೆಂಡತಿ ಒಂದು ಸ್ಟ್ಯಾಂಡಿನ ಹತ್ತಿರ ಹೋಗಿ ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸಿ ನೋಡಿದಳು. ಸಲೀಸಾಗಿ ಏರಿತು, ಸಲೀಸಾಗಿ ಇಳಿಯಿತು.

‘ಈ ಮಾಸ್ತರ್ಗ ಚಕ್ರ ಹೊರಗ ಐತಿ, ಪುಣ್ಯಾ,’ ಎಂದಳು ಸವಿತಾಳಿಗೆ. ‘ನಮ್ಮನ್ಯಾಗಿನ ಮಾಸ್ತರ್ಗ ಎಲ್ಲಿ ಇಟ್ಟಾರೋ ಏನೋ, ಇಪ್ಪತ್ತೆರಡ ವರ್ಷಾತು ಹುಡುಕಾಕತ್ತೇನಿ.’