ಶಾಂತವ್ವನಿಗೆ ನಾನು ಕಲಿಸಿದ ಮಾತು

“ಮನ್ಯಾಗ ಬಾಗಲದಾಗ ಕೈ ಸಿಕ್ತರಿ ಸಾಹೇಬ್ರ,” ಎಂದಳು ಶಾಂತವ್ವ, ತಂಬಾಕಿನ ಧೂಳಿಗೆಂದು ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಕೆಳಗಿಳಿಸಿ. ಜೊತೆಯ ಹೆಂಗಸರು ಅರ್ಜಿ ಕೊಟ್ಟಿದ್ದರಿಂದ ಕಾರ್ಮಿಕರ ವಿಮಾ ಕಚೇರಿಯ ಅಧಿಕಾರಿ ವಿಚಾರಣೆಗೆ ಬಂದಿದ್ದರು. ಅವಳ ಬಲಗೈಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ.

“ಖರೇ ಹೇಳವ್ವಾ. ಇಲ್ಲಿ ಕೆಲಸಾ ಮಾಡೂವಾಗ ಪೆಟ್ಟಾಗಿದ್ರ, ಮನ್ಯಾಗ ಕುಂತ ದಿನದ ಪಗಾರಾ ನಿನಗ ಬರತೈತಿ,” ಎಂದರು ಅಧಿಕಾರಿ.

ನಿಪ್ಪಾಣಿಯ ಆ ತಂಬಾಕಿನ ವಖಾರಿಯಲ್ಲಿ ಹಾಜರಿ ಬರೆಯುವ ದಿವಾನಜಿ ನಾನು. ಅವಳ ಬೆರಳು ಸಿಕ್ಕಿದ್ದು ಬಾಗಿಲಿಗಲ್ಲ, ಮುಚ್ಚಳವಿಲ್ಲದ ಜರಡಿ ಯಂತ್ರದ ಬೆಲ್ಟಿಗೆ. ಮಾಲೀಕರಿಗೆ ತೊಂದರೆಯಾದೀತೆಂದು, ದವಾಖಾನೆಗೆ ಹೋಗುವಾಗ ಟೆಂಪೋದಲ್ಲೇ ಬಾಗಿಲಿನ ಕಥೆ ಹೇಳಿಕೊಟ್ಟವನು ನಾನು. ರಕ್ತ ಸೋರುವ ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡೇ ಅವಳು ಅದನ್ನು ಎರಡು ಸಲ ಒಪ್ಪಿಸಿದ್ದಳು. ದವಾಖಾನೆಯ ಚೀಟಿಯಲ್ಲೂ ಅದನ್ನೇ ಬರೆಸಿದ್ದೆ.

ಅಧಿಕಾರಿ ಮತ್ತೆ ಕೇಳಿದಾಗ ಅವಳು ಒಮ್ಮೆ ನನ್ನತ್ತ ನೋಡಿದಳು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಬಾಗಲದಾಗನರಿ,” ಎಂದಳು. ಅವರು ಬರೆದುಕೊಂಡು ಹೊರಟುಹೋದರು.

ಆಮೇಲೆ ಶಾಂತವ್ವ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದಳು: “ದಿವಾನಜೀರ, ಬರೋಬರಿ ಹೇಳಿದ್ನಿಲ್ರಿ? ನಿಮಗೇನೂ ತ್ರಾಸ ಆಗೂದಿಲ್ಲಲ್ರಿ?”

ಅಧಿಕಾರಿ ನನ್ನನ್ನು ಕೇಳಿದ್ದರೆ ನಿಜವನ್ನೇ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಆ ಸುಳ್ಳು ಹೇಳಿಕೊಳ್ಳುವುದನ್ನೂ ಬಿಟ್ಟಿದ್ದೇನೆ.