ಕಡ್ಡಿ ಚುಚ್ಚಿದ ಪುಸ್ತಕ

ಪುಸ್ತಕ ಬಂದದ್ದು ನನ್ನ ಗಾಡಿಯಲ್ಲಿ. ಅದೊಂದೇ ಕಾರಣಕ್ಕೆ ನನ್ನನ್ನು ಕಮಿಟಿಗೆ ಹಾಕಿದರು.

ನನ್ನದು ಲಗೇಜ್ ಆಟೋ. ಸಾಗರದಿಂದ ಹೊಸನಗರದ ಕಡೆಗೆ ದನದ ಹಿಂಡಿ, ಪೈಪು, ಪ್ಲಾಸ್ಟಿಕ್ ಕುರ್ಚಿ, ಏನು ಸಿಕ್ಕರೆ ಅದನ್ನು ಹೊಡೆಯುತ್ತೇನೆ. ಹೋದ ವರ್ಷ ಸಾಗರದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಎರಡು ಚೀಲ ಪುಸ್ತಕವನ್ನು ನಮ್ಮೂರ ಪಂಚಾಯ್ತಿ ಲೈಬ್ರರಿಗೆ ಕೊಟ್ಟರು. ಹಿಂಡಿ ಮೂಟೆಯ ಮೇಲೆ ಹಾಕಿಕೊಂಡು ಬಂದು ಇಳಿಸಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ಲೈಬ್ರರಿ ಮೇಡಂ ತೀರ್ಥಹಳ್ಳಿಯವರು, ದಿನಾ ಬಸ್ಸಲ್ಲಿ ಬಂದು ಹೋಗುತ್ತಾರೆ. ಅದರ ಹಿಂದಿನ ತಿಂಗಳು ಒಂದು ಮಗು ಅಲ್ಲಿಂದ ಯಾವುದೋ ದಪ್ಪ ಪುಸ್ತಕ ಒಯ್ದು, ಮನೆಯವರೆಲ್ಲ ಊಟಕ್ಕೆ ಕೂತಾಗ, "ಅಪ್ಪಾ, ಇಟ್ಕೊಂಡೋಳು ಅಂದ್ರೆ ಏನು?" ಅಂತ ಕೇಳಿತ್ತಂತೆ. ಅಪ್ಪ ಉತ್ತರ ಹೇಳುವ ಬದಲು ಪಂಚಾಯ್ತಿಗೆ ಬಂದು ಗಲಾಟೆ ಮಾಡಿದ. ಈ ಸಲ ಹಾಗಾಗಬಾರದು ಅಂತ ಮೇಡಂ ಒಂದು ನಿಯಮ ಮಾಡಿದರು. ಮೂರು ಜನ ದೊಡ್ಡವರು ಪುಸ್ತಕ ಹಂಚಿಕೊಂಡು ಓದಬೇಕು. ಮಕ್ಕಳಿಗೆ ಆಗುತ್ತೋ ಆಗಲ್ಲವೋ ಅಂತ ಚೀಟಿ ಬರೆದು ಒಳಗಿಡಬೇಕು. ಒಬ್ಬರು ರಿಟೈರ್ ಆದ ಮೇಷ್ಟ್ರು. ಇನ್ನೊಬ್ಬರು ತೋಟದ ಮನೆಯ ಅಮ್ಮ. ಮೂರನೆಯವನು ನಾನು.

"ನಾನ್ಯಾಕೆ ಮೇಡಂ?" ಅಂದೆ.

"ನೀವೇ ತಂದಿದ್ದಲ್ವಾ."

"ಹಿಂಡೀನೂ ನಾನೇ ತರ್ತೀನಿ. ತಿಂದು ನೋಡಲ್ಲ."

ಮೇಷ್ಟ್ರು ನಕ್ಕರು. ಮೇಡಂ ನಗಲಿಲ್ಲ. ಹದಿನೈದು ಪುಸ್ತಕ ಎತ್ತಿ ನನ್ನ ಕೈಗಿಟ್ಟರು.

ತೊಂದರೆ ಏನೆಂದರೆ ನನಗೆ ಓದಲು ಬರುತ್ತಿರಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರ ಒಂದೊಂದೇ ನಿಂತರೆ ಗುರುತು ಹಿಡಿಯುತ್ತಿದ್ದೆ. ಗುಂಪಾಗಿ ಬಂದರೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಬಸ್ಸನ್ನು ಬಣ್ಣ ನೋಡಿ ಹೇಳುತ್ತಿದ್ದೆ. ವಾಟ್ಸಾಪಲ್ಲಿ ಎಲ್ಲದಕ್ಕೂ ವಾಯ್ಸ್ ಕಳಿಸುತ್ತಿದ್ದೆ. ಹೀಗೆ ಹನ್ನೆರಡು ವರ್ಷ ಯಾರಿಗೂ ತಿಳಿಯದ ಹಾಗೆ ದಾಟಿಸಿದ್ದೆ. ತಿಳಿದರೆ ಆಟೋ ನಿಲ್ದಾಣದಲ್ಲಿ ಕೂರುವವರಿಗೆ ಒಂದು ವರ್ಷ ಬೇರೆ ಮಾತು ಬೇಡ. ಮೇಡಂ ಮುಂದೆ ಬಾಯಿ ಬಿಡಲಾಗದೆ ಪುಸ್ತಕ ತೆಗೆದುಕೊಂಡು ಬಂದೆ. ಈಗ ಇದನ್ನೆಲ್ಲ ಬರೆಯಲು ಎಷ್ಟು ದಿನ ಹಿಡಿಯಿತು ಅಂತ ಕೇಳಬೇಡಿ.

ಅಕ್ಕನ ಮಗಳು ಮೂರನೇ ಕ್ಲಾಸು. ಪೇಪರಿನಲ್ಲಿ ಕಟ್ಟಿದ ವಡೆ ತಿನ್ನುವಾಗಲೂ ಪೇಪರು ಓದುತ್ತಾಳೆ. ಶಾಲೆ ಬಿಟ್ಟ ಮೇಲೆ ಅವಳನ್ನು ಮನೆಗೆ ಕರೆತರುವುದು ನಾನೇ. ದಾರಿಯಲ್ಲಿ ಹಲಸಿನ ಮರದ ಕೆಳಗೆ ಗಾಡಿ ನಿಲ್ಲಿಸಿ ವಿಷಯ ಹೇಳಿದೆ. ಅವಳು ಒಂದು ಪುಸ್ತಕ ಎತ್ತಿ ಹಿಂದೆ ಮುಂದೆ ತಿರುಗಿಸಿದಳು.

"ಅಂದ್ರೆ, ಈ ಪುಸ್ತಕ ಮಕ್ಳು ಓದ್ಬಹುದಾ ಅಂತ ನಾ ಓದಿ ಹೇಳ್ಬೇಕಾ?"

"ಹೌದು. ನಿಮ್ಮಮ್ಮಂಗೆ ಹೇಳ್ಬೇಡ."

"ಕೆಟ್ಟದ್ದು ಬಂದ್ರೆ?"

"ಅಲ್ಲೇ ನಿಲ್ಸು."

"ಕೆಟ್ಟದ್ದು ಅಂತ ಓದಿದ ಮೇಲಲ್ವಾ ಮಾವ ಗೊತ್ತಾಗೋದು?"

"ಅರ್ಧ ಓದು," ಅಂದೆ.

ಮೊದಲನೆಯದು ಒಳ್ಳೆಯ ಹುಡುಗನ ಪುಸ್ತಕ. ಅವನು ಬೇಗ ಎದ್ದ. ಹಲ್ಲುಜ್ಜಿದ. ಅಪ್ಪ ಅಮ್ಮನ ಕಾಲಿಗೆ ಬಿದ್ದ. ಹಾಲು ಕುಡಿದ. ಅವಳು ಪುಸ್ತಕ ಮುಚ್ಚಿದಳು.

"ಇದು ಮಕ್ಳಿಗಾಗಲ್ಲ."

"ಯಾಕೆ? ಒಳ್ಳೆ ಹುಡ್ಗ ಅಲ್ವಾ?"

"ಇಪ್ಪತ್ತು ಪುಟ ಆಯ್ತು. ಅವ್ನಿನ್ನೂ ಮನೆ ಬಿಟ್ಟು ಹೊರಟಿಲ್ಲ."

ಸರಿ ಅನ್ನಿಸಿತು. 'ಆಗಲ್ಲ' ಅಂತ ಚೀಟಿ ಬರೆದೆ. 'ಆಗುತ್ತೆ', 'ಆಗಲ್ಲ', ಈ ಎರಡು ಮಾತನ್ನು ಅವಳ ಕೈಯಿಂದ ಬರೆಸಿಕೊಂಡು ಹಾಗೇ ತಿದ್ದಿ ಕಲಿತಿದ್ದೆ. ಆಮೇಲೆ ರುಂಡ ಕಂಕುಳಲ್ಲಿ ಇಟ್ಟುಕೊಂಡು ಸ್ನಾನಕ್ಕೆ ಬಿಸಿನೀರು ಕೇಳುವ ದೆವ್ವ ಬಂತು. ಆಗುತ್ತೆ. ಗಂಡ ಹೆಂಡತಿ ಪಾತ್ರೆ ಎಸೆದಾಡುವ ಕತೆ ಬಂತು. ಅದನ್ನಾದರೂ ನಿಲ್ಲಿಸೋಣ ಅಂದೆ.

"ನಮ್ಮನೇಲಿ ದಿನಾ ಆಗೋದೇ ಮಾವ," ಅಂದಳು. ಅದೂ ಆಗುತ್ತೆ.

ಹದಿನೈದನೆಯದು ನಮ್ಮಿಬ್ಬರನ್ನೂ ಕೆಡಿಸಿತು. ದೋಣಿಯವನೊಬ್ಬ ಹೊಳೆ ಆಚೆಗೆ ಹೆಣ ಸಾಗಿಸುತ್ತಾನೆ. ನಡು ಹೊಳೆಯಲ್ಲಿ ಹೆಣ ಎದ್ದು ಕೂರುತ್ತದೆ. "ನಿನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು," ಅನ್ನುತ್ತದೆ. ಅಲ್ಲಿಗೆ ಪುಸ್ತಕ ಮುಗಿಯಿತು. ಕೆಳಗೆ, ಮುಂದಿನದು ಎರಡನೇ ಭಾಗದಲ್ಲಿ ಅಂತಿತ್ತು. ಎರಡನೇ ಭಾಗ ತೋಟದ ಮನೆಯ ಅಮ್ಮನ ಪಾಲಿಗೆ ಹೋಗಿತ್ತು.

"ಯಾಕೆ ಕೊಂದೆ ಅಂತ ಕೇಳ್ತದೆ," ಅಂದಳು ಅವಳು.

"ಈಜು ಬರ್ತದಾ ಅಂತ ಕೇಳ್ತದೆ," ಅಂದೆ ನಾನು.

ಒಂದು ವಾರ ಇದೇ ಜಗಳ. ಗೇರ್ ಹಾಕುವಾಗಲೂ ನನ್ನ ತಲೆಯಲ್ಲಿ ಹೆಣವೇ.

ತಿಂಗಳು ಕಳೆದು ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಮೀಟಿಂಗ್. ಶಾಲೆ ಬಿಟ್ಟಿತ್ತು. ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದಿದ್ದರು, ಅಕ್ಕನ ಮಗಳು ಎಲ್ಲರಿಗಿಂತ ಮುಂದೆ.

ಮೇಷ್ಟ್ರು ಒಂದೇ ಪುಸ್ತಕ ತಂದಿದ್ದರು. ತಿಂಗಳಿಡೀ ಓದಿ ಹತ್ತೊಂಬತ್ತನೇ ಪುಟಕ್ಕೆ ಬಂದಿದ್ದರು. ಪುಟದ ತುಂಬ ಕೆಂಪು ಶಾಯಿ. ಬರೆದವನಿಗೆ ಇಪ್ಪತ್ತೈದಕ್ಕೆ ಒಂಬತ್ತು ಮಾರ್ಕ್ಸ್ ಕೊಟ್ಟು ಸಹಿ ಹಾಕಿದ್ದರು.

"ಇಂವ ಫೇಲು," ಅಂದರು.

ಅಮ್ಮ ಹದಿನೈದೂ ತಂದಿದ್ದರು. ಯಾವುದನ್ನೂ ಬೇಡ ಅಂದಿರಲಿಲ್ಲ. ಆದರೆ ಒಂದೊಂದು ಪುಸ್ತಕದಲ್ಲೂ ನಾಲ್ಕು ನಾಲ್ಕು ಪುಟ ಜೋಡಿಸಿ, ಅಂಚಿಗೆ ಹಿಡಿಕಡ್ಡಿ ಚುಚ್ಚಿದ್ದರು. ಕಡುಬು ಮಾಡುವಾಗ ಹಲಸಿನ ಎಲೆಯ ಕೊಟ್ಟೆಗೆ ತೆಂಗಿನ ಗರಿಯ ಕಡ್ಡಿ ಚುಚ್ಚುತ್ತೇವಲ್ಲ, ಥೇಟ್ ಹಾಗೆ. ಅಷ್ಟು ಅಚ್ಚುಕಟ್ಟು.

"ಇದೆಂತ ಅಮ್ಮಾ?" ಅಂದರು ಮೇಡಂ.

"ಮಕ್ಕಳಿಗೆ ಆಗ್ದೇ ಇರೋದು ಅದರೊಳಗೆ ಇದ್ದು. ಒಂದು ಕಡೆ ಕೊಳೆತದೆ ಅಂತ ಇಡೀ ಹಲಸಿನಹಣ್ಣು ಬಿಸಾಡ್ತ್ರಾ? ಆ ತುಂಡು ಕೊಯ್ದು ಬಿಟ್ರೆ ಸರಿ."

ಕಿಟಕಿಯಿಂದ ಒಂದು ದನಿ ಬಂತು. "ಮೇಡಂ, ನಂಗೆ ಕಡ್ಡಿ ಇರೋ ಪುಸ್ತಕ ಕೊಡಿ."

"ನಂಗೂ."

"ಜಾಸ್ತಿ ಕಡ್ಡಿ ಇರೋದು ನಂಗೆ."

ಅಷ್ಟರಲ್ಲಿ ಮೇಷ್ಟ್ರು ನನ್ನ ಚೀಟಿಗಳನ್ನು ಹರಡಿಕೊಂಡಿದ್ದರು. ಕನ್ನಡಕ ಮೇಲೆ ಮಾಡಿದರು.

"ಏನೋ ಇದು? ನೀತಿಕತೆ ಆಗಲ್ಲ. ಆರೋಗ್ಯವೇ ಭಾಗ್ಯ ಆಗಲ್ಲ. ದೆವ್ವ ಆಗುತ್ತೆ, ದರೋಡೆ ಆಗುತ್ತೆ. ನೀ ಓದಿದ್ಯೋ ಇಲ್ವೋ?"

"ಓದ್ಸಿ... ಓದಿದೀನಿ."

"ಹಂಗಾರೆ ಒಂದು ಪುಟ ಓದು, ಕೇಳನ." ಅಮ್ಮನ ರಾಶಿಯಿಂದ ಮೇಲಿದ್ದ ಪುಸ್ತಕ ತೆಗೆದು ಕೊಟ್ಟರು. "ಕಡ್ಡಿ ತೆಗ್ದು ಓದು. ಇದು ಆಗುತ್ತೋ ಆಗಲ್ವೋ ಅಂತ ನೀನೇ ಹೇಳು."

ಮುಖಪುಟದಲ್ಲಿ ದೋಣಿ ಇತ್ತು. ಎರಡನೇ ಭಾಗ. ಮೊದಲ ಪುಟಕ್ಕೇ ಕಡ್ಡಿ.

ಗಾಡಿ ಬಿಸಿಲಲ್ಲಿ ನಿಲ್ಲಿಸಿದ್ದೇನೆ ಅಂತ ಹೇಳಿ ಹೊರಡಬಹುದಿತ್ತು. ಆಟೋ ನಿಲ್ದಾಣದವರಿಗೆ ಸುದ್ದಿ ಮುಟ್ಟಲು ಆ ಕಿಟಕಿಯ ಮಕ್ಕಳು ಸಾಕಿತ್ತು. ಅಕ್ಕನ ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆದರೆ ಹೆಣ ಕೇಳಿದ ಮಾತು ಕಡ್ಡಿ ಚುಚ್ಚಿದ ಆ ಪುಟಗಳ ನಡುವೆ ಇತ್ತು. ಕಡ್ಡಿ ಎಳೆದೆ.

"ಹೆ... ಣ," ಅಂದೆ. "ಹೆಣ. ದೋ... ಣಿ..."

ಮೊದಲು ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಬದಲಾಯಿತು. ನಾನು ಬಿಡಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಇಳಿಸಿದೆ, ಗಾಡಿಯಿಂದ ಮೂಟೆ ಇಳಿಸಿದ ಹಾಗೆ. ದೋಣಿಯವನು ಹುಟ್ಟು ಬಿಟ್ಟ. ಹೆಣ ಹತ್ತಿರ ಸರಿಯಿತು. ಬೆವರು ನನ್ನ ಮೂಗಿನಿಂದ ಪುಟದ ಮೇಲೆ ಬಿತ್ತು. ನಗುತ್ತಿದ್ದವರು ಕಿಟಕಿಯೊಳಗೆ ಇನ್ನಷ್ಟು ತಲೆ ತೂರಿಸಿದರು. ಹೆಣ ಬಾಯಿ ತೆರೆಯಲು ಐದು ನಿಮಿಷ ಹಿಡಿಯಿತು.

"ನಿಂ... ದು... ಊ... ಟ... ಆ... ಯ್ತಾ," ಅಂತ ಓದಿದೆ.

ಎಲ್ಲರೂ ಉಸಿರು ಬಿಟ್ಟರು.

"ಅಷ್ಟೇಯಾ?" ಅಂದಳು ಅಕ್ಕನ ಮಗಳು.

"ಮತ್ತೆ ಇದಕ್ಕೆ ಯಾಕೆ ಕಡ್ಡಿ ಚುಚ್ಚಿದ್ರಿ ಅಮ್ಮಾ?" ಅಂದರು ಮೇಡಂ. "ಹೆಣ ಅಂತಲಾ?"

"ಹೆಣ ಇರ್ಲಿ. ಹೆಣ ಯಾರ ಮನೇಲಿ ಆಗ್ತಿಲ್ಲೆ? ಮುಂದಿನ ಸಾಲು ನೋಡಿ. ಮೀನು ಸಾರು ಉಂಡೆ ಅಂತಾನೆ ಅಂವ. ಎರಡು ಪುಟ ಅದರದ್ದೇ ವರ್ಣನೆ."

"ನಮ್ಮನೇಲಿ ವಾರಕ್ಕೆ ಮೂರು ದಿನ ಅದೇ ಅಮ್ಮಾ," ಅಂದೆ.

"ನಿಮ್ಮನೆ ಸರಿ. ನನ್ನ ಮೊಮ್ಮಗ ಓದಿ, ಅದೇ ಬೇಕು ಅಂತ ಹಟ ಹಿಡಿದ್ರೆ ನೀ ಬಂದು ಮಾಡಿಕೊಡ್ತ್ಯಾ?"

ಮೊಮ್ಮಗ ಕಿಟಕಿಯಲ್ಲೇ ಇದ್ದ. ನನ್ನನ್ನು ನೋಡಿ ಜೋರಾಗಿ ತಲೆ ಆಡಿಸಿದ.

ನಗು ನಿಂತ ಮೇಲೆ ಮೇಷ್ಟ್ರು ಕೇಳಿಯೇಬಿಟ್ಟರು. "ನಿಂಗೆ ಓದಕ್ಕೆ ಬರಲ್ಲ ಅಲ್ವೇನೋ?"

"ಬರ್ತಿರ್ಲಿಲ್ಲ. ಈಗ ಅರ್ಧ ಪುಟ ಬಂತು."

"ಹಂಗಾದ್ರೆ ಹದಿನೈದು ಪುಸ್ತಕ ಯಾರು ಓದಿದ್ದು?"

ನಾನು ಕಿಟಕಿ ನೋಡಿದೆ. ಅವಳು ಆಗಲೇ ತಲೆ ತಗ್ಗಿಸಿ ಮಾಯವಾಗಿದ್ದಳು. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ತಮ್ಮ ಪುಸ್ತಕದ ಹತ್ತೊಂಬತ್ತನೇ ಪುಟ ನೋಡಿಕೊಂಡರು.

ಮೇಡಂ ಆ ದಿನವೇ ಕಡ್ಡಿ ಎಲ್ಲ ತೆಗೆಸಿದರು. ಒಳ್ಳೆ ಒಣಗಿದ ಕಡ್ಡಿ ಅಂತ ಅಮ್ಮ ಕಟ್ಟಿಕೊಂಡು ಹೋದರು. ಇಟ್ಟುಕೊಂಡವಳ ಪುಸ್ತಕ ಮಾತ್ರ ಮೇಲಿನ ಕಪಾಟಿಗೆ ಹೋಯಿತು. ಒಳ್ಳೆಯ ಹುಡುಗನ ಪುಸ್ತಕ ಈಗಲೂ ಕೆಳಗೇ ಇದೆ, ಯಾರೂ ಒಯ್ದಿಲ್ಲ. ಆಟೋ ನಿಲ್ದಾಣದಲ್ಲಿ ನಾನು ಹೋದ ಕೂಡಲೇ "ನಿಂ... ದು... ಊ... ಟ..." ಅಂತ ಶುರು ಮಾಡುತ್ತಿದ್ದರು. ಒಂದು ವರ್ಷ ಅಂದುಕೊಂಡಿದ್ದೆ, ಎರಡು ತಿಂಗಳಿಗೆ ಅವರಿಗೇ ಬೇಜಾರಾಯಿತು.

ದೋಣಿಯ ಪುಸ್ತಕ ನಾನೇ ಒಯ್ದೆ. ದಿನಕ್ಕೊಂದು ಪುಟ. ಅಕ್ಕನ ಮಗಳು ಒಂದೇ ದಿನದಲ್ಲಿ ಮುಗಿಸಿ, ಕೊನೆ ಹೇಳುತ್ತೇನೆ ಅಂತ ಹೆದರಿಸಲು ಶುರು ಮಾಡಿದಳು. ತಡೆಯಲಾರದೆ ಒಂದು ಸಂಜೆ ಸಾಗರದಿಂದ ಹೊರಡುವ ಮೊದಲು, ಅಕ್ಕನ ಫೋನಿಗೆ, ಅವಳಿಗೆ ಕೊಡಲೆಂದು, ಜೀವನದಲ್ಲಿ ಮೊದಲ ಮೆಸೇಜು ಒತ್ತಿದೆ. ವಾಯ್ಸ್ ಅಲ್ಲ, ಅಕ್ಷರ.

'ಹೆಣ ಏನು ಮಾಡ್ತು ಯಾರಿಗೂ ಹೇಳಬೇಡ. ನಾನು ಬರ್ತಿದ್ದೇನೆ.'

ಒಂದು ನಿಮಿಷದೊಳಗೆ ಅಕ್ಕನ ಫೋನ್ ಬಂತು. ಅಕ್ಕ ಹಲೋ ಕೂಡ ಅನ್ನಲಿಲ್ಲ.

"ಯಾರ ಹೆಣನೋ?"